ಪೋಲಿಯೊ ಹನಿ ಮತ್ತು ಶೇಂಗಾ ಸಾವ್ಕಾರ್ರು

ಚಳ್ಳಕೆರೆಯಲ್ಲಿ ಕ್ಲಿನಿಕ್ ಇಟ್ಟ ಮೇಲೆ ನಾನು ರೋಟರಿ ಸೇರಿದ್ದು ಸೇವೆಯ ಹುಚ್ಚಿನಿಂದೇನಲ್ಲ. ದಿನವಿಡೀ ಜ್ವರ, ಕೆಮ್ಮು, ಮೈಕೈ ನೋವು ಕೇಳಿದವನಿಗೆ ವಾರಕ್ಕೊಂದು ಸಂಜೆ ಬೇರೆ ಮಾತು ಬೇಕಿತ್ತು, ಅಷ್ಟೆ. ಅಧ್ಯಕ್ಷರು ಗಂಟೆ ಹೊಡೆಯೋದು, ಜುಲೈ ಬಂದರೆ ಪದಗ್ರಹಣ, ಶಾಲು, ಹಾರ, ಭಾಷಣ. ಅದನ್ನೆಲ್ಲ ಬಿಡಿ.

ಹಿಡಿಸಿದ್ದು ಅದರ ಹಳೇ ಕಟ್ಟಳೆ: ಒಂದು ಕಸುಬಿಗೆ ಒಬ್ಬ ಸದಸ್ಯ. 1905ರಲ್ಲಿ ಷಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್ ಜೊತೆ ಮೊದಲು ಕೂತವರು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ಟೈಲರ್. ಕಟ್ಟಳೆ ಆಮೇಲೆ ಸಡಿಲವಾಯ್ತು. ಆದರೂ ನಮ್ಮಲ್ಲಿ ಎಣ್ಣೆ ಮಿಲ್‌ನವರು, ಲಾರಿ ಆಫೀಸಿನವರು, ಶೇಂಗಾ ವ್ಯಾಪಾರದ ಸಾವ್ಕಾರ್ರು ಎಲ್ಲ ಇದ್ದರು.

ಅದರ ಬೆಲೆ ಗೊತ್ತಾಗಿದ್ದು ಪಲ್ಸ್ ಪೋಲಿಯೊದಲ್ಲಿ. ರೋಟರಿ 1985ರಲ್ಲೇ ಪೋಲಿಯೊ ಕೆಲಸ ಕೈಗೆತ್ತಿಕೊಂಡಿತ್ತು. ನಮ್ಮ ದೇಶದಲ್ಲಿ ಹನಿ ಹಾಕುವ ದಿನಗಳು ಶುರುವಾಗಿದ್ದು 1995ರ ಡಿಸೆಂಬರ್‌ನಲ್ಲಿ. ಮೊದಲ ವರ್ಷ ಮೂರು ವರ್ಷದೊಳಗಿನ ಮಕ್ಕಳಿಗೆ, ಮರುವರ್ಷದಿಂದ ಐದರೊಳಗಿನವರಿಗೆ. ಬೂತ್‌ನಲ್ಲಿ ನನ್ನ ಕೆಲಸ ಸುಲಭದ್ದು. ಲಸಿಕೆ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಗಟ್ಟಿಯಾಗಿದೆಯಾ ನೋಡೋದು. ಮುಂದೆ ಸೀಸೆಗಳ ಮೇಲೆ ಬಿಸಿ ತಾಗಿದರೆ ಬಣ್ಣ ಬದಲಿಸುವ ಗುರುತೂ ಬಂತು: ವೃತ್ತದೊಳಗಿನ ಚೌಕ ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿದ್ದರೆ ಹಾಕಬಹುದು, ಎರಡೂ ಒಂದೇ ಬಣ್ಣಕ್ಕೆ ತಿರುಗಿದರೆ ಆ ಸೀಸೆ ಪಕ್ಕಕ್ಕೆ.

ಬೂತ್‌ಗೆ ಬಂದ ಮಕ್ಕಳಿಗೆ ಹಾಕೋದೇನು ಮಹಾ. ಕುರಿಗಾರರ ಮಕ್ಕಳನ್ನು ಹುಡುಕೋದೇ ಕಷ್ಟ. ಶೇಂಗಾ ಕಿತ್ತ ಮೇಲೆ ರೈತರು ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬಿಸುತ್ತಾರೆ. ಇವತ್ತು ಈ ಹೊಲ, ನಾಡಿದ್ದು ಇನ್ನೊಂದು. ಮನೆ ನಂಬರಿನ ಪಟ್ಟಿಯಲ್ಲಿ ಅವರು ಎಲ್ಲಿ ಸಿಗಬೇಕು? ಸಾವ್ಕಾರ್ರಿಗೆ ಮಾತ್ರ ಯಾರ ಹೊಲದಲ್ಲಿ ಯಾರ ಮಂದೆ ಇದೆ ಅಂತ ಬಾಯಲ್ಲೇ ಇರುತ್ತಿತ್ತು. ಅವರ ಜೀಪಿನಲ್ಲೇ ಹೊರಟೆವು.

ಮೊಳಕಾಲ್ಮೂರು ದಾರಿಯ ಒಂದು ಹೊಲದಲ್ಲಿ ಒಬ್ಬ ತಾಯಿ ಕೂಸನ್ನು ಸೆರಗಿನೊಳಗೆ ಎಳಕೊಂಡಳು. "ಮಗೀಗೆ ಜರ ಬಂದ್ರೆ ಯಾರ್ ನೋಡ್ಕಂತಾರೆ ಸ್ವಾಮಿ? ನಾವ್ ನಾಳೆ ಹೊರಡ್ಬೇಕು." ನಾನು ವೈರಸ್ಸು, ನರ, ಕಾಲು ಅಂತ ಶುರು ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಸಾವ್ಕಾರ್ರು ಜೀಪಿನಿಂದಿಳಿದು, "ನನ್ನ ಮೊಮ್ಮಗಳಿಗೂ ಬೆಳಿಗ್ಗೆ ಇದ್ನೇ ಹಾಕ್ಸಿ ಬಂದೀನಿ, ಕೂಸ್ನ ತಾರವ್ವ" ಅಂದರು. ಸೆರಗು ಸರಿಯಿತು. ಎರಡು ಹನಿ, ಎಡಗೈ ಕಿರುಬೆರಳಿಗೆ ಶಾಯಿ. ಪಕ್ಕದ ಗುಡಾರದಿಂದ ಇನ್ನೂ ಇಬ್ಬರು ತಾವಾಗೇ ಬಂದರು.

ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ, ಹೌರಾದಲ್ಲಿ. ಪೋಲಿಯೊಮುಕ್ತ ಅನ್ನೋ ಪ್ರಮಾಣಪತ್ರ 2014ರ ಮಾರ್ಚ್‌ನಲ್ಲಿ ಸಿಕ್ಕಿತು.

ಈಗ ನಮ್ಮ ಕ್ಲಬ್‌ನಲ್ಲಿ ಡಾಕ್ಟರುಗಳೇ ಜಾಸ್ತಿ. ಇನ್ನೊಬ್ಬರನ್ನು ಸೇರಿಸೋಣ ಅಂತ ಯಾರಾದರೂ ಹೆಸರು ತಂದರೆ ನಾನು ಅಡ್ಡ ಬಾಯಿ ಹಾಕುತ್ತೇನೆ: ಡಾಕ್ಟರು ಸಾಕು ಮಾರಾಯ್ರೆ, ಕುರಿ ವ್ಯಾಪಾರದವರು ಯಾರೂ ಸಿಗಲ್ವಾ?