ಜಿಎಸ್‌ಟಿ ಸಮನ್ಸ್ ಬಂದಿದೆಯಾ? ಸಹಿ ಹಾಕುವ ಮುಂಚೆ ಇದನ್ನು ಓದಿ

ಸಮನ್ಸ್ ಕೈಗೆ ಬಂದ ಕೂಡಲೇ ಅಂಗಡಿಯವರು ಎರಡರಲ್ಲಿ ಒಂದು ಮಾಡುತ್ತಾರೆ. ಹೋಗದೆ ಸುಮ್ನೆ ಕೂತುಬಿಡುತ್ತಾರೆ, ಇಲ್ಲವೇ ಹೋಗಿ ಬರೆದಿಟ್ಟದ್ದಕ್ಕೆಲ್ಲ ಸಹಿ ಹಾಕಿ ಬರುತ್ತಾರೆ. ಎರಡೂ ದುಬಾರಿ.

ಮೊದಲು ಕಾಗದ ಅಸಲಿಯಾ ನೋಡಿ. ಕೇಂದ್ರ ಜಿಎಸ್‌ಟಿ ಕಚೇರಿಯ ಸಮನ್ಸ್‌ನಲ್ಲಿ ಸಾಮಾನ್ಯವಾಗಿ ಡಿಐಎನ್ (ಆ ಕಾಗದದ ಗುರುತಿನ ಸಂಖ್ಯೆ) ಇರುತ್ತದೆ, ಅದನ್ನು ಸಿಬಿಐಸಿ (ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ) ವೆಬ್‌ಸೈಟಿನಲ್ಲಿ ಹಾಕಿದರೆ ಗೊತ್ತಾಗುತ್ತದೆ. ಅದರಲ್ಲೇ ಇರುವ ಫೋನ್ ನಂಬರಿಗೆ ಕರೆ ಮಾಡಿ ವಿಚಾರಿಸಬೇಡಿ.

ಅಸಲಿಯಾದರೆ ಹೋಗಲೇಬೇಕು. 2017ರ ಸಿಜಿಎಸ್‌ಟಿ ಕಾಯ್ದೆಯ 70ನೇ ಸೆಕ್ಷನ್ ಪ್ರಕಾರ, ಸಿವಿಲ್ ಕೋರ್ಟ್ ಸಾಕ್ಷಿಯನ್ನು ಕರೆಸುವ ಹಾಗೆಯೇ ಅಧಿಕಾರಿ ನಿಮ್ಮನ್ನು ಕರೆಸಬಹುದು. ತಪ್ಪಿಸಿಕೊಂಡರೆ 25,000 ರೂಪಾಯಿವರೆಗೆ ದಂಡ. ಆ ದಿನ ಆಗದಿದ್ದರೆ ಮೊದಲೇ ಬರೆದು ಬೇರೆ ದಿನ ಕೇಳಿ. ವಾಟ್ಸಾಪಿನಲ್ಲಿ ಓಡಾಡುವ ರೆಡಿಮೇಡ್ ಉತ್ತರಗಳನ್ನಂತೂ ಮುಟ್ಟಬೇಡಿ. 'ಸಂವಿಧಾನದ 20(3) ಪ್ರಕಾರ ನಾನು ಉತ್ತರ ಕೊಡುವುದಿಲ್ಲ' ಅಂತ ಅದರಲ್ಲಿ ಬರೆದಿರುತ್ತಾರೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಎಂಬ ಆ ರಕ್ಷಣೆ ಇರುವುದು ಆರೋಪಿಗೆ, ಸಮನ್ಸ್ ಬಂದ ಮಾತ್ರಕ್ಕೆ ನೀವು ಆರೋಪಿ ಆಗುವುದಿಲ್ಲ.

ಇನ್ನು ಹೇಳಿಕೆ. ಜನ ಎಡವುವುದು ಇಲ್ಲೇ. ಸರಕು ನಿಜಕ್ಕೂ ಬಂತಾ, ಯಾವ ಗಾಡಿಯಲ್ಲಿ ಬಂತು, ಹಣ ಹೇಗೆ ಕೊಟ್ಟಿರಿ ಎಂದು ಕೇಳುತ್ತಾರೆ, ಆದ್ದರಿಂದ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ದಾಖಲೆ), ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿಕೊಂಡೇ ಹೋಗಿ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ನಿಜವನ್ನೇ ಹೇಳಿ, ಏಕೆಂದರೆ ಇಲ್ಲಿ ಸುಳ್ಳು ಹೇಳಿದರೆ ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಿದಂತೆಯೇ ಲೆಕ್ಕ. ಹಳೆಯ ಬಿಲ್ಲಿನ ನೆನಪಿಲ್ಲದಿದ್ದರೆ ಅಂದಾಜು ಬೇಡ. 'ಲೆಕ್ಕ ನೋಡಿ ತಿಳಿಸುತ್ತೇನೆ' ಎನ್ನಿ, ಆ ಮಾತು ಹಾಗೆಯೇ ದಾಖಲಾಗಲಿ. ಟೈಪ್ ಆದ ಮೇಲೆ ಪ್ರತಿ ಸಾಲು ಓದಿ. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲಿ ಓದಿಸಿಕೊಳ್ಳಿ, ಓದಿ ಹೇಳಿದರು ಎಂಬುದನ್ನೂ ಕೊನೆಗೆ ಬರೆಸಿ. ನೀವು 'ಗೊತ್ತಿಲ್ಲ' ಎಂದದ್ದು 'ಒಪ್ಪುತ್ತೇನೆ' ಆಗಿದ್ದರೆ ಅಲ್ಲೇ ತಿದ್ದಿಸಿ. ಕತ್ತಲಾಯಿತು, ಮನೆ ಸೇರಿದರೆ ಸಾಕು ಎಂದು ಸಹಿ ಹಾಕುವವರೇ ಜಾಸ್ತಿ, ಆಮೇಲೆ ತಿಂಗಳುಗಟ್ಟಲೆ ಬಿಟ್ಟು 'ನಾನು ಹಾಗೆ ಹೇಳಿರಲಿಲ್ಲ' ಎಂದರೆ ನಂಬುವವರು ಕಡಿಮೆ.

ವಕೀಲರು ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡುವ ಹಾಗಿಲ್ಲ. ವಿಚಾರಣೆ ವೇಳೆ ವಕೀಲರು ಜೊತೆಗಿರಬೇಕು ಎಂಬ ಹಕ್ಕು ಇಲ್ಲ ಅಂತ ಸುಪ್ರೀಂ ಕೋರ್ಟ್ 1992ರಲ್ಲೇ ಪೂಲ್‌ಪಾಂಡಿ ಪ್ರಕರಣದಲ್ಲಿ ಹೇಳಿದೆ. ಕಾಣುವಷ್ಟು ಹತ್ತಿರ, ಮಾತು ಕೇಳಿಸದಷ್ಟು ದೂರ ಇರಲು ಕೋರ್ಟುಗಳು ಬಿಟ್ಟದ್ದುಂಟು. ಅದಕ್ಕೆ ಮುಂಚೆಯೇ ಅರ್ಜಿ ಹಾಕಿ.

'ಈಗಲೇ ಇಷ್ಟು ಕಟ್ಟಿ, ಮುಗಿಸಿಬಿಡೋಣ' ಎಂಬ ಮಾತು ಬಂದರೆ ಒಪ್ಪಬೇಡಿ. ತಪಾಸಣೆ, ತನಿಖೆಯ ವೇಳೆ ಬಲವಂತದ ವಸೂಲಿ ಕೂಡದು ಎಂದು 2022ರ ಮೇ ತಿಂಗಳಲ್ಲಿ ಇಲಾಖೆಯೇ ತನ್ನ ಅಧಿಕಾರಿಗಳಿಗೆ ಸೂಚನೆ ಕೊಟ್ಟಿದೆ. ಸ್ವಿಗ್ಗಿ ನಡೆಸುವ ಬಂಡಲ್ ಟೆಕ್ನಾಲಜೀಸ್ ತನಿಖೆ ವೇಳೆ ಕಟ್ಟಿದ್ದ 27 ಕೋಟಿಗೂ ಹೆಚ್ಚು ಹಣ ವಾಪಸ್ ಕೊಡಿ ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಆದೇಶಿಸಿತ್ತು. ತೆರಿಗೆ ನಿಜಕ್ಕೂ ಬಾಕಿ ಇದ್ದರೆ ಮನೆಗೆ ಬಂದು, ಆಡಿಟರ್ ಜೊತೆ ಕೂತು ಲೆಕ್ಕ ಹಾಕಿ, ಆಮೇಲೆ ಕಟ್ಟಿ.