ಹಳೆ ಸ್ಪೋರ್ಟ್ಸ್ ಕಾರಿಗೆ ಗಾಳಿ ಸೆನ್ಸರ್ ಮತ್ತು ರಿಮೋಟ್ ಲಾಕ್: ಕೈ ಹಾಕುವ ಮುಂಚೆ ಓದಿ

ಸ್ಪೋರ್ಟ್ಸ್ ಕಾರಿನ ಟೈರ್ ಅಗಲ, ಅದರ ಪಕ್ಕದ ಗೋಡೆ ಗಿಡ್ಡ. ಹಾಗಾಗಿ ಗಾಳಿ ಇಳಿದರೂ ಟೈರ್ ಅಷ್ಟಾಗಿ ಚಪ್ಪಟೆಯಾಗುವುದಿಲ್ಲ, ನೋಡೋಕೆ ಚೆನ್ನಾಗೇ ಇರುತ್ತದೆ. 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರಬೇಕಾದ ಕಡೆ 24 ಇದ್ದರೂ ಪಕ್ಕದಲ್ಲಿ ನಿಂತು ನೋಡಿದವರಿಗೆ ಗೊತ್ತಾಗುವುದು ಕಷ್ಟ. ಗೊತ್ತಾಗುವುದು ವೇಗದಲ್ಲಿ ತಿರುವು ಹಿಡಿದಾಗ, ಕಾರಿನ ಹಿಂಭಾಗ ಒಂಚೂರು ಜಾರಿದ ಹಾಗೆ ಅನ್ನಿಸಿದಾಗ. ಅದಕ್ಕೇ ಹಳೆ ಸ್ಪೋರ್ಟ್ಸ್ ಕಾರಿಗೆ ಹೊಸದಾಗಿ ಏನಾದರೂ ಎಲೆಕ್ಟ್ರಾನಿಕ್ ಹಾಕಿಸಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಗಾಳಿ ಸೆನ್ಸರ್ ಅನ್ನುತ್ತೇನೆ. ರಿಮೋಟ್ ಲಾಕ್ ಆಮೇಲೆ.

ಎರಡನ್ನೂ ಒಂದೇ ಲೇಖನದಲ್ಲಿ ಬರೆಯೋದಕ್ಕೆ ಕಾರಣ ಇದೆ. ಚಕ್ರದೊಳಗಿನ ಸೆನ್ಸರ್ ಆಗಲಿ, ನಿಮ್ಮ ಜೇಬಿನ ರಿಮೋಟ್ ಆಗಲಿ, ಎರಡೂ ಸಣ್ಣ ರೇಡಿಯೊಗಳೇ. ಎರಡೂ ಸಾಮಾನ್ಯವಾಗಿ 315 ಅಥವಾ 433 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ಎಷ್ಟೋ ಕಾರುಗಳಲ್ಲಿ ಎರಡರ ಮಾತನ್ನೂ ಕೇಳಿಸಿಕೊಳ್ಳುವುದು ಒಂದೇ ರಿಸೀವರ್. ಆದ್ದರಿಂದ ನಾಲ್ಕೂ ಚಕ್ರದ ರೀಡಿಂಗ್ ಹೋಗಿ, ಅದೇ ವಾರ ರಿಮೋಟ್ ಕೂಡ ಹತ್ತಿರ ಬಂದರಷ್ಟೇ ಕೆಲಸ ಮಾಡುತ್ತಿದ್ದರೆ ನಾಲ್ಕು ಹೊಸ ಸೆನ್ಸರ್ ಕೊಳ್ಳಬೇಡಿ. ಮೊದಲು ರಿಸೀವರ್ ಮತ್ತು ಅದರ ಆಂಟೆನಾ ವೈರ್ ನೋಡಿ.

ನಿಮ್ಮ ಕಾರಿನಲ್ಲಿ ಈಗ ಏನಿದೆ?

ಕಾರುಗಳಲ್ಲಿ ಗಾಳಿ ಎಚ್ಚರಿಕೆ ವ್ಯವಸ್ಥೆ ಶುರುವಾಗಿದ್ದು 1986ರ ಪೋರ್ಷ 959ರಿಂದ. ಅಂದರೆ ಸ್ಪೋರ್ಟ್ಸ್ ಕಾರಿನಿಂದಲೇ. ಆದರೆ ಅದು ಎಲ್ಲ ಕಾರಿಗೂ ಬಂದಿದ್ದು ಕಾನೂನು ಬಂದ ಮೇಲೆ: ಅಮೆರಿಕದಲ್ಲಿ 2007ರ ಸೆಪ್ಟೆಂಬರ್‌ನಿಂದ, ಯುರೋಪಿನ ಹೊಸ ಕಾರುಗಳಿಗೆಲ್ಲ 2014ರ ನವೆಂಬರ್‌ನಿಂದ. ಅದಕ್ಕಿಂತ ಹಳೆಯದಾದರೆ ನಿಮ್ಮ ಕಾರಿನಲ್ಲಿ ಮೂರರಲ್ಲಿ ಒಂದು ಸ್ಥಿತಿ ಇರುತ್ತದೆ. ಏನೂ ಇಲ್ಲದೆ ಇರಬಹುದು. ಚಕ್ರದೊಳಗೆ ಸೆನ್ಸರ್ ಇದ್ದು ಸೆಲ್ ಸತ್ತಿರಬಹುದು. ಇಲ್ಲವೇ ಸೆನ್ಸರ್ ಇಲ್ಲದೆ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಅಳೆಯುವ ಚಕ್ರದ ವೇಗದಿಂದಲೇ ಗಾಳಿಯನ್ನು ಅಂದಾಜು ಮಾಡುವ ವ್ಯವಸ್ಥೆ ಇರಬಹುದು. ಗಾಳಿ ಇಳಿದ ಚಕ್ರ ಸ್ವಲ್ಪ ಚಿಕ್ಕದಾಗಿ, ಉಳಿದವಕ್ಕಿಂತ ಜಾಸ್ತಿ ಸುತ್ತುತ್ತದೆ, ಅದರ ಲೆಕ್ಕ ಇದು. ನಾಲ್ಕರಲ್ಲೂ ಸಮಸಮವಾಗಿ ಗಾಳಿ ಇಳಿದರೆ ಇದಕ್ಕೆ ಪತ್ತೆ ಹಚ್ಚುವುದು ಕಷ್ಟ, ಮತ್ತೆ ಇದು ನಿಮಗೆ ಅಂಕಿಯನ್ನೂ ತೋರಿಸುವುದಿಲ್ಲ.

ಸೆನ್ಸರ್ ಇದೆಯೋ ಇಲ್ಲವೋ ನೋಡುವ ಸುಲಭ ದಾರಿ ವಾಲ್ವ್. ಲೋಹದ ವಾಲ್ವ್ ಇದ್ದು ರಿಮ್ಮಿನ ಹೊರಗಡೆ ಒಂದು ನಟ್ ಕಂಡರೆ ಒಳಗೆ ಸೆನ್ಸರ್ ಇರುವ ಸಾಧ್ಯತೆ ಹೆಚ್ಚು. ರಬ್ಬರ್ ವಾಲ್ವ್ ಕಂಡರೆ ಇಲ್ಲ ಅಂತ ಹೇಳೋಕಾಗಲ್ಲ, ರಬ್ಬರ್ ವಾಲ್ವಿನ ಸೆನ್ಸರ್‌ಗಳೂ ಇವೆ.

ಇಲ್ಲಿ ನನಗಾದ ಒಂದು ಅನುಭವ ಹೇಳಲೇಬೇಕು. ನನ್ನ ಹಳೆ ಎರಡು ಸೀಟಿನ ಕಾರಿನ ಸೆನ್ಸರ್ ವಾಲ್ವ್ ಅಲ್ಯುಮಿನಿಯಂನದು. ಯಾವಾಗಲೋ ಗಾಳಿ ಹಾಕಿದವರು ಅದಕ್ಕೆ ಹಿತ್ತಾಳೆಯ ಕ್ಯಾಪ್ ಹಾಕಿದ್ದರು. ಎರಡು ಬೇರೆ ಲೋಹ, ಜೊತೆಗೆ ಮಳೆ ನೀರು. ಥ್ರೆಡ್ ತುಂಬ ಬಿಳಿ ಪುಡಿ ಕಟ್ಟಿ ಎರಡೂ ಒಂದೇ ತುಂಡಿನ ಹಾಗೆ ಹಿಡಿದುಕೊಂಡಿದ್ದವು. ಕೈಯಲ್ಲಿ ಬರಲಿಲ್ಲ ಅಂತ ಪ್ಲೈಯರ್ ಹಾಕಿ ತಿರುಗಿಸಿದೆ, ಕಟಕ್ ಅಂತ ವಾಲ್ವ್ ಬುಡಕ್ಕೇ ಮುರಿದು ಟೈರಿನ ಗಾಳಿಯೆಲ್ಲ ಹೋಯಿತು. ಈಗ ನನ್ನ ನಾಲ್ಕೂ ವಾಲ್ವಿಗೆ ಪ್ಲಾಸ್ಟಿಕ್ ಕ್ಯಾಪ್, ಒಳಗೆ ನಿಕಲ್ ಲೇಪದ ಪಿನ್. ನಿಮ್ಮದರಲ್ಲಿ ಹಿತ್ತಾಳೆ ಕ್ಯಾಪ್ ಇದ್ದರೆ ಇವತ್ತೇ ತೆಗೆದುಬಿಡಿ.

ಯಾವ ಸೆನ್ಸರ್ ಕೊಳ್ಳುವುದು

ಮೂರು ದಾರಿ ಇವೆ. ಕಾರಿನಲ್ಲಿ ಮೊದಲೇ ವ್ಯವಸ್ಥೆ ಇದ್ದರೆ ಅದಕ್ಕೆ ಹೊಂದುವ ಹೊಸ ಸೆನ್ಸರ್ ಹಾಕುವುದೇ ಸರಿ. ಹಳೆ ಸೆನ್ಸರಿನ ಸೆಲ್ 5ರಿಂದ 10 ವರ್ಷ ಬರುತ್ತದೆ, ಅದನ್ನು ಅಂಟಿನೊಳಗೆ ಹುದುಗಿಸಿರುವುದರಿಂದ ಸೆಲ್ ಮಾತ್ರ ಬದಲಿಸೋದು ಒಳ್ಳೆ ದಾರಿ ಅಲ್ಲ. ಒಂದು ಸತ್ತಿದೆ ಅಂದರೆ ಉಳಿದ ಮೂರೂ ಅದೇ ವಯಸ್ಸಿನವು, ಅಲ್ವಾ? ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಫ್ರೀಕ್ವೆನ್ಸಿ ನೋಡಿ ಕೊಳ್ಳಿ. ಅಮೆರಿಕ, ಜಪಾನಿಗೆ ಮಾಡಿದ ಕಾರುಗಳಲ್ಲಿ ಹೆಚ್ಚಾಗಿ 315, ಯುರೋಪಿನವಕ್ಕೆ 433. ಬೇರೆ ದೇಶದಿಂದ ಬಂದ ಕಾರಾದರೆ ಅಂದಾಜಿನ ಮೇಲೆ ಕೊಳ್ಳಬೇಡಿ, ಹಳೆ ಸೆನ್ಸರ್ ಮೇಲೆ ಅಚ್ಚಾದ ಪಾರ್ಟ್ ನಂಬರ್ ಓದಿ.

ಕಾರಿನಲ್ಲಿ ಏನೂ ಇಲ್ಲದಿದ್ದರೆ ಬೇರೆ ಡಿಸ್‌ಪ್ಲೇ ಜೊತೆ ಬರುವ ಕಿಟ್. ಅದರಲ್ಲಿ ಚಕ್ರದೊಳಗೆ ಕೂರುವ ಬಗೆ ಒಂದು, ವಾಲ್ವ್ ಕ್ಯಾಪ್ ಜಾಗದಲ್ಲಿ ಹೊರಗೆ ತಿರುಗಿಸಿ ಹಾಕುವ ಬಗೆ ಇನ್ನೊಂದು. ಕ್ಯಾಪ್ ಬಗೆ ಎರಡು ನಿಮಿಷದ ಕೆಲಸ, ಸೆಲ್ ನೀವೇ ಬದಲಿಸಬಹುದು. ಆದರೂ ವೇಗವಾಗಿ ಓಡಿಸುವ ಕಾರಿಗೆ ನಾನು ಅದನ್ನು ಒಪ್ಪುವುದಿಲ್ಲ. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಟೈರಿನ ತ್ರಿಜ್ಯ 32 ಸೆಂಟಿಮೀಟರ್, ವಾಲ್ವ್ ಇರುವುದು ಚಕ್ರದ ನಡುವಿನಿಂದ 20 ಸೆಂಟಿಮೀಟರ್ ದೂರ ಅಂತಿಟ್ಟುಕೊಳ್ಳಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 10 ಗ್ರಾಂ ತೂಕದ ಕ್ಯಾಪ್ ಸುಮಾರು ಒಂದೂವರೆ ಕಿಲೋ ಭಾರದಷ್ಟು ಹೊರಕ್ಕೆ ಎಳೆಯುತ್ತದೆ. 200ಕ್ಕೆ ಹೋದರೆ ಆರು ಕಿಲೋ. ಆ ಭಾರವನ್ನು ಒಂದು ರಬ್ಬರ್ ವಾಲ್ವ್ ತಡೆದುಕೊಳ್ಳಬೇಕು, ಅದೂ ಹಳೆಯದಾಗಿ ಬಿರುಕು ಬಿಟ್ಟಿದ್ದರೆ? ಕ್ಯಾಪ್ ಬಗೆಯೇ ಬೇಕು ಅಂದರೆ ಮೊದಲು ಲೋಹದ ವಾಲ್ವ್ ಹಾಕಿಸಿ.

ಇನ್ನೊಂದು ವಿಷಯ. ಸ್ಪೋರ್ಟ್ಸ್ ಕಾರುಗಳಲ್ಲಿ ಹಿಂದಿನ ಟೈರ್ ಮುಂದಿನದಕ್ಕಿಂತ ಅಗಲ ಇರುವುದು ಸಾಮಾನ್ಯ, ಗಾಳಿಯೂ ಬೇರೆ ಬೇರೆ. ಆದ್ದರಿಂದ ಮುಂದಕ್ಕೊಂದು, ಹಿಂದಕ್ಕೊಂದು ಮಿತಿ ಇಡಲು ಬರುವ ಕಿಟ್ಟನ್ನೇ ಆರಿಸಿ. ನಾಲ್ಕಕ್ಕೂ ಒಂದೇ ಮಿತಿ ಇಡುವ ಕಿಟ್ ಇಂಥ ಕಾರಿಗೆ ಬೇಡ.

ಹಾಕಿಸುವಾಗ

ಚಕ್ರದೊಳಗೆ ಕೂರುವ ಸೆನ್ಸರಿಗೆ ಟೈರ್ ಬಿಚ್ಚಲೇಬೇಕು. ಹಾಗಾಗಿ ಟೈರ್ ಬದಲಿಸುವ ದಿನವೇ ಇದನ್ನೂ ಮಾಡಿಸಿದರೆ ಒಂದೇ ಕೆಲಸ. ಟೈರಿನ ಪಕ್ಕದಲ್ಲಿ ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಕಡಿಮೆ ಓಡುವ ಕಾರಿನಲ್ಲಿ ಟೈರಿನ ಮೇಲ್ಮೈ ಸವೆಯದೇ ಇರಬಹುದು, ರಬ್ಬರ್‌ಗೆ ಮಾತ್ರ ವಯಸ್ಸಾಗಿರುತ್ತದೆ. ಹತ್ತು ವರ್ಷ ದಾಟಿದ ಟೈರ್ ಒಳಗೆ ಹೊಸ ಸೆನ್ಸರ್ ಇಡುವುದರಲ್ಲಿ ಅರ್ಥ ಇಲ್ಲ.

ಟೈರ್ ಬಿಚ್ಚುವವರಿಗೆ ಸೆನ್ಸರ್ ಇದೆ ಅಂತ ಬಾಯಿಬಿಟ್ಟು ಹೇಳಿ. ರಿಮ್ಮಿನಿಂದ ಟೈರ್ ಬಿಡಿಸುವ ಮೆಷಿನ್ನಿನ ಕೈ ವಾಲ್ವ್ ಹತ್ತಿರ ಒತ್ತಿದರೆ ಸೆನ್ಸರ್ ಪುಡಿಯಾಗುತ್ತದೆ. ಹೊಸ ಸೆನ್ಸರ್ ಕೂರಿಸುವ ಮುಂಚೆ ರಿಮ್ಮಿನ ತೂತಿನ ಸುತ್ತ ಕೂತಿರುವ ಕೊಳೆ, ತುಕ್ಕಿನ ಪುಡಿ ಒರೆಸಬೇಕು. ಸಾಮಾನ್ಯವಾಗಿ ಆ ತೂತು 11.3 ಮಿಲಿಮೀಟರ್ ಇರುತ್ತದೆ. ಸೆನ್ಸರಿನ ಬೆನ್ನು ರಿಮ್ಮಿಗೆ ಅಂಟಿದ ಹಾಗೆ ಕೂರಬೇಕು, ಮೇಲೆದ್ದು ನಿಂತರೆ ಟೈರ್ ಹಾಕುವಾಗ ಬಡಿದು ಮುರಿಯುತ್ತದೆ. ಕೆಲವು ಹಳೆ ರಿಮ್ಮುಗಳ ಒಳ ಆಕಾರಕ್ಕೆ ಎಲ್ಲ ಸೆನ್ಸರ್ ಹೊಂದುವುದಿಲ್ಲ, ಮೊದಲು ಒಂದನ್ನು ಇಟ್ಟು ನೋಡಿ. ನಟ್ಟನ್ನು ಸೆನ್ಸರ್ ಜೊತೆ ಬಂದ ಹಾಳೆಯಲ್ಲಿ ಬರೆದಷ್ಟೇ ಟಾರ್ಕ್‌ಗೆ ಬಿಗಿ ಮಾಡಿಸಿ. ಅದು ತುಂಬ ಕಡಿಮೆ ಅಂಕಿ, ಕೈಯಂದಾಜಿಗೆ ಸಿಗುವಂಥದ್ದಲ್ಲ. ಕೊನೆಗೆ ಬ್ಯಾಲೆನ್ಸಿಂಗ್ ಮಾಡಿಸಲೇಬೇಕು, ಸುಮಾರು 30 ಗ್ರಾಂ ತೂಕ ಒಂದು ಕಡೆ ಸೇರಿದೆ.

ಚಕ್ರ ಹಾಕುವ ಮುಂಚೆ ಸೆನ್ಸರಿನ ಐಡಿ ನಂಬರಿನ ಫೋಟೊ ತೆಗೆದುಕೊಳ್ಳಿ, ಯಾವುದು ಯಾವ ಚಕ್ರ ಅಂತ ಗುರುತು ಸಮೇತ. ಆಮೇಲೆ ಕಾರಿಗೆ ಈ ನಂಬರುಗಳನ್ನು ಪರಿಚಯ ಮಾಡಿಸಬೇಕು. ಕೆಲವು ಕಾರು ಓಡಿಸುತ್ತಿದ್ದ ಹಾಗೆ ತಾವೇ ಕಲಿಯುತ್ತವೆ. ಕೆಲವಕ್ಕೆ 125 ಕಿಲೋಹರ್ಟ್ಸ್ ಸಿಗ್ನಲ್ ಕೊಟ್ಟು ಸೆನ್ಸರ್ ಎಬ್ಬಿಸುವ ಸಾಧನ ಬೇಕು. ಹಳೆ ಸೆನ್ಸರಿನ ಐಡಿಯನ್ನೇ ಹೊಸದಕ್ಕೆ ನಕಲು ಮಾಡಬಹುದಾದ ಸೆನ್ಸರ್‌ಗಳೂ ಸಿಗುತ್ತವೆ, ಆಗ ಕಾರಿಗೆ ಬದಲಾವಣೆ ಆಗಿದ್ದೇ ಗೊತ್ತಾಗುವುದಿಲ್ಲ. ಹಳೆ ಕಾರಿಗೆ ಇದು ತುಂಬ ಅನುಕೂಲ. ಹೊಸ ಸೆನ್ಸರ್ ನಿಂತ ಕಾರಿನಲ್ಲಿ ಏನೂ ತೋರಿಸಲಿಲ್ಲ ಅಂತ ಗಾಬರಿ ಬೇಡ. ಸೆಲ್ ಉಳಿಸಲು ಅವು ಮಲಗಿರುತ್ತವೆ, ಚಕ್ರ ಉರುಳಿದ ಮೇಲೆ ಏಳುತ್ತವೆ.

ಮಿತಿ ಇಡುವಾಗ ಟೈರ್ ತಣ್ಣಗಿರಲಿ, ಕಾರು ಕಡಿಮೆ ಅಂದರೆ ಮೂರು ಗಂಟೆ ನಿಂತಿರಲಿ. ತಾಪಮಾನ 5ರಿಂದ 6 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 1 ಪಿಎಸ್‌ಐ ಏರುತ್ತದೆ. ಓಡಿಸಿ ಬಂದ ತಕ್ಷಣದ ಅಂಕಿ ನೋಡಿ ಗಾಳಿ ಬಿಡಬೇಡಿ. ಎಷ್ಟು ಗಾಳಿ ಬೇಕು ಅನ್ನುವುದು ಬಾಗಿಲಿನ ಚೌಕಟ್ಟಿನ ಚೀಟಿಯಲ್ಲೋ ಕಾರಿನ ಪುಸ್ತಕದಲ್ಲೋ ಇರುತ್ತದೆ. ಟೈರಿನ ಮೇಲೆ ಬರೆದಿರುವುದು ಅದು ತಡೆಯುವ ಗರಿಷ್ಠ, ಅದನ್ನು ಹಾಕಬೇಡಿ. ಅಮೆರಿಕದ ಕಾನೂನಿನ ಪ್ರಕಾರ ದೀಪ ಹತ್ತಬೇಕಾದ್ದು ಗಾಳಿ ಶೇ 25ರಷ್ಟು ಇಳಿದಾಗ. ನಿಮ್ಮ ಕಿಟ್‌ನಲ್ಲಿ ಮಿತಿಯನ್ನು ನೀವೇ ಇಡುವುದಾದರೆ ಶೇ 10ರಿಂದ 15 ಇಳಿದಾಗಲೇ ಎಚ್ಚರಿಸುವಂತೆ ಇಡಿ.

ಈಗ ರಿಮೋಟ್ ಲಾಕ್

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬಾಗಿಲಿಗೆ ರಿಮೋಟ್ ಹಾಕಿ, ಇಂಜಿನ್ನಿಗೆ ಕೀ ಹಾಗೇ ಇರಲಿ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಿಟ್‌ಗಳು ಹಳೆ ಕಾರಿಗೆ ಹಾಕುವಾಗ ಸ್ಟೀರಿಂಗ್ ಲಾಕ್ ತೆಗೆಯಬೇಕಾಗುತ್ತದೆ, ಇಲ್ಲವೇ ಕೀ ಅಲ್ಲೇ ಬಿಡಬೇಕಾಗುತ್ತದೆ. ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಇಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ಅದರ ಚಿಪ್ ಇರುವ ಕೀಯನ್ನು ಡ್ಯಾಶ್‌ಬೋರ್ಡ್ ಒಳಗೆ ಬಚ್ಚಿಟ್ಟು ಕಾರನ್ನು ನಂಬಿಸುತ್ತಾರೆ. ಕಳ್ಳನನ್ನು ತಡೆಯುವ ಎರಡು ಬಲವಾದ ವ್ಯವಸ್ಥೆಗಳನ್ನು ನಾವೇ ತೆಗೆದುಹಾಕಿದ ಹಾಗಾಯಿತು.

ಕೀ ಜೇಬಿನಲ್ಲಿದ್ದರೆ ಸಾಕು, ಹತ್ತಿರ ಬಂದಾಗ ತಾನೇ ತೆರೆಯುವ ಬಗೆ 1993ರ ಕಾರ್ವೆಟ್‌ನಲ್ಲೇ ಇತ್ತು. ಅನುಕೂಲವೇನೋ ಹೌದು. ಆದರೆ 2011ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು ಎಂಟು ಕಂಪನಿಗಳ ಹತ್ತು ಮಾದರಿ ಕಾರುಗಳ ಮೇಲೆ ಪ್ರಯೋಗ ಮಾಡಿ, ಕೀಯ ಸಿಗ್ನಲನ್ನು ದೂರದಿಂದ ಕಾರಿಗೆ ತಲುಪಿಸಿ ತೆರೆಯಬಹುದು ಅಂತ ತೋರಿಸಿದರು. ಅದಕ್ಕೇ ಬಟನ್ ಒತ್ತಿದರಷ್ಟೇ ಸಿಗ್ನಲ್ ಕಳಿಸುವ, ಪ್ರತಿ ಸಲವೂ ಕೋಡ್ ಬದಲಾಗುವ ರಿಮೋಟ್ ಆರಿಸಿ. ಪೆಟ್ಟಿಗೆ ಮೇಲೆ ರೋಲಿಂಗ್ ಕೋಡ್ ಅಂತ ಬರೆದಿದೆಯಾ ನೋಡಿ.

ಕೆಲಸ ಶುರು ಮಾಡುವ ಮುಂಚೆ ಮೂರು ವಿಷಯ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಕಾರಿನ ಹಾಡಿನ ರೇಡಿಯೊ ಕೇಳುವ ಕೋಡ್ ಇದ್ದರೆ ಬರೆದುಕೊಳ್ಳಿ. ಕಿಟಕಿ ಇಳಿಸಿಡಿ. ಬ್ಯಾಟರಿ ಡಿಕ್ಕಿಯೊಳಗಿದ್ದು ಡಿಕ್ಕಿಯ ಲಾಕ್ ಕರೆಂಟಿನದಾದರೆ ಅದನ್ನು ತೆರೆದೇ ಇಡಿ, ಇಲ್ಲದಿದ್ದರೆ ಬ್ಯಾಟರಿ ಒಳಗೆ, ನೀವು ಹೊರಗೆ. ಆಮೇಲೆ ನೆಗೆಟಿವ್ ಟರ್ಮಿನಲ್ ಬಿಚ್ಚಿ.

ಡೋರ್ ಪ್ಯಾಡ್ ತೆಗೆಯುವಾಗ ಅಡಗಿದ ಸ್ಕ್ರೂ ಹುಡುಕಿ, ಹಿಡಿಯ ಹಿಂದೆ, ದೀಪದ ಕೆಳಗೆ ಇರುತ್ತವೆ. ಹಳೆ ಕ್ಲಿಪ್ ಮುರಿಯುತ್ತವೆ, ಹೊಸ ಕ್ಲಿಪ್ ಒಂದು ಹಿಡಿ ತಂದಿಟ್ಟುಕೊಳ್ಳಿ. ನಂತರ ಬಾಗಿಲು ಮತ್ತು ಕಾರಿನ ನಡುವಿನ ರಬ್ಬರ್ ಕೊಳವೆ ಜಾರಿಸಿ ಒಳಗಿನ ವೈರ್ ನೋಡಿ. ಬಾಗಿಲು ತೆಗೆದು ಹಾಕಿ ಮಾಡುವಾಗ ಮಡಿಚುವ ಜಾಗ ಅದೊಂದೇ. ನನ್ನ ಕಾರಿನಲ್ಲಿ ಹೊರಗಿನಿಂದ ಎಲ್ಲ ಸರಿಯಾಗೇ ಕಾಣುತ್ತಿತ್ತು. ಕೊಳವೆ ಜಾರಿಸಿದಾಗ ಮೂರು ವೈರುಗಳ ಮೇಲ್ಪದರ ಸೀಳಿ ತಾಮ್ರದ ಎಳೆಗಳು ಹಸಿರುಗಟ್ಟಿದ್ದವು. ಅಂಥ ವೈರಿಗೆ ಹೊಸ ಕಿಟ್ ಜೋಡಿಸಿದರೆ ಒಂದು ದಿನ ಲಾಕ್ ಆಗುತ್ತೆ, ಒಂದು ದಿನ ಆಗಲ್ಲ, ನೀವು ಕಿಟ್ಟನ್ನು ಬೈಯುತ್ತಾ ಇರುತ್ತೀರಿ. ಮೊದಲು ಆ ತುಂಡುಗಳನ್ನು ಬದಲಿಸಿ.

ಸೆಂಟ್ರಲ್ ಲಾಕ್ ಇಲ್ಲದ ಕಾರಾದರೆ ಪ್ರತಿ ಬಾಗಿಲಿಗೆ ಒಂದು ಮೋಟರ್ ಹಾಕಿ, ಲಾಕಿನ ಸರಳಿಗೆ ಜೋಡಿಸಬೇಕು. ಡ್ರೈವರ್ ಕಡೆ ಐದು ವೈರಿನದು, ಇನ್ನೊಂದು ಕಡೆ ಎರಡು ವೈರಿನದು. ಮೋಟರ್ ಎಳೆಯುವ ದಿಕ್ಕು ಮತ್ತು ಸರಳು ಚಲಿಸುವ ದಿಕ್ಕು ಒಂದೇ ಗೆರೆಯಲ್ಲಿರಲಿ. ಓರೆಯಾದರೆ ಸರಳು ಸಿಕ್ಕಿಕೊಳ್ಳುತ್ತದೆ. ಕಿಟಕಿ ಪೂರ್ತಿ ಇಳಿಸಿದಾಗ ಗಾಜು ಮೋಟರಿಗೆ ತಾಗುವುದಿಲ್ಲ ತಾನೇ, ತೂತು ಕೊರೆಯುವ ಮುಂಚೆಯೇ ನೋಡಿ.

ಸೆಂಟ್ರಲ್ ಲಾಕ್ ಇದ್ದರೆ ಕೆಲಸ ಕಡಿಮೆ, ಆದರೆ ಅದು ಯಾವ ಬಗೆಯದು ಅಂತ ತಿಳಿಯಬೇಕು. ಲಾಕ್ ಸ್ವಿಚ್ ಒತ್ತಿದಾಗ ವೈರ್ ಅರ್ತ್ ಆಗುತ್ತದೋ, 12 ವೋಲ್ಟ್ ಬರುತ್ತದೋ, ಅಥವಾ ಮೋಟರಿಗೆ ಹೋಗುವ ಕರೆಂಟಿನ ದಿಕ್ಕೇ ಬದಲಾಗುತ್ತದೋ ನೋಡಿ, ಕಿಟ್ ಜೋಡಣೆ ಅದರ ಮೇಲೆ ನಿಂತಿದೆ. ಕೆಲವು ಹಳೆ ಜರ್ಮನ್ ಕಾರುಗಳಲ್ಲಿ ಲಾಕ್ ನಡೆಯುವುದು ಗಾಳಿಯ ಒತ್ತಡದಿಂದ, ಅದಕ್ಕೆ ಜೋಡಣೆಯೇ ಬೇರೆ. ಮಲ್ಟಿಮೀಟರಿನಲ್ಲೇ ಪರೀಕ್ಷಿಸಿ, ಇದಕ್ಕೆ ಮಾತ್ರ ಬ್ಯಾಟರಿ ವೈರ್ ಮತ್ತೆ ಹಾಕಿಕೊಳ್ಳಿ. ಬಲ್ಬಿನ ಟೆಸ್ಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಹಳೆ ಕಂಟ್ರೋಲ್ ಬಾಕ್ಸ್ ಸುಟ್ಟುಹೋಗಬಹುದು. ಹಳದಿ ಕನೆಕ್ಟರ್ ಕಂಡರೆ ಕೈ ಹಾಕಬೇಡಿ, ಅದು ಏರ್‌ಬ್ಯಾಗಿನದು.

ಕಾರ್ಖಾನೆಯ ವೈರ್ ಕತ್ತರಿಸದೆ, ಕನೆಕ್ಟರ್ ನಡುವೆ ಸೇರಿಸುವ ಹಾಗೆ ಜೋಡಿಸಿ. ಮುಂದೆ ತೆಗೆಯಬೇಕು ಅನ್ನಿಸಿದರೆ ಕಾರು ಮೊದಲಿದ್ದ ಹಾಗೇ ಸಿಗಬೇಕು. ಕಿಟ್‌ನ ವೈರಿಗೆ ಕರೆಂಟ್ ತೆಗೆದುಕೊಂಡ ಜಾಗದ ಹತ್ತಿರವೇ ಫ್ಯೂಸ್ ಹಾಕಿ. ಕಿಟ್‌ನ ಕಂಟ್ರೋಲ್ ಪೆಟ್ಟಿಗೆಯನ್ನು ಸೀಟಿನ ಕೆಳಗೆ ನೆಲದ ಮೇಲೆ ಇಡಬೇಡಿ, ಮೇಲ್ಛಾವಣಿ ತೆಗೆಯುವ ಕಾರಾದರೆ ಖಂಡಿತ ಬೇಡ. ಪೋರ್ಷ ಬಾಕ್ಸ್‌ಸ್ಟರ್ 986ರಲ್ಲಿ ಇಮ್ಮೊಬಿಲೈಸರ್ ಪೆಟ್ಟಿಗೆ ಸೀಟಿನ ಕೆಳಗೇ ಇದೆ, ಛಾವಣಿಯ ನೀರು ಹೋಗುವ ದಾರಿ ಕಟ್ಟಿಕೊಂಡರೆ ನೀರು ಅಲ್ಲಿಗೇ ಬರುತ್ತದೆ. ಡ್ಯಾಶ್‌ಬೋರ್ಡಿನ ಒಳಗೆ ಎತ್ತರದಲ್ಲಿ ಕಟ್ಟಿ, ಆಂಟೆನಾ ವೈರನ್ನು ಸುತ್ತದೆ ನೇರವಾಗಿ ಬಿಡಿ. ರಿಮೋಟ್ ಎಷ್ಟು ದೂರದಿಂದ ಕೆಲಸ ಮಾಡುತ್ತದೆ ಅನ್ನುವುದು ಬಹುಮಟ್ಟಿಗೆ ಇದರ ಮೇಲಿದೆ.

ಎಲ್ಲ ಮುಗಿದ ಮೇಲೆ ಜನ ಮರೆಯುವ ಒಂದು ಪರೀಕ್ಷೆ ಇದೆ. ಈ ರಿಸೀವರ್ ಕಾರು ನಿಂತಾಗಲೂ ಎಚ್ಚರವಾಗೇ ಇರುತ್ತದೆ. ಅದು 30 ಮಿಲಿ ಆಂಪಿಯರ್ ಎಳೆದರೆ ದಿನಕ್ಕೆ 0.72, ತಿಂಗಳಿಗೆ 21 ಆಂಪಿಯರ್ ಅವರ್ ದಾಟುತ್ತದೆ. ಸಣ್ಣ ಬ್ಯಾಟರಿಯ ಅರ್ಧ ಹೋಯಿತು! ವಾರಗಟ್ಟಲೆ ನಿಲ್ಲುವ ಕಾರಿಗೆ ಇದು ದೊಡ್ಡ ವಿಷಯ. ಕಾರು ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ಬ್ಯಾಟರಿ ವೈರಿನಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಅಳೆಯಿರಿ. ಒಟ್ಟು 50 ಮಿಲಿ ಆಂಪಿಯರ್ ಒಳಗಿದ್ದರೆ ಸರಿ. ಜಾಸ್ತಿ ಇದ್ದರೆ ಫ್ಯೂಸ್ ಒಂದೊಂದಾಗಿ ತೆಗೆದು ಯಾವುದು ಎಳೆಯುತ್ತಿದೆ ಹುಡುಕಿ.

ರಿಮೋಟ್ ಬಂತು ಅಂತ ಬಾಗಿಲಿನ ಕೀ ತೂತನ್ನು ಮರೆಯಬೇಡಿ. ತಿಂಗಳಿಗೊಮ್ಮೆ ಕೀ ಹಾಕಿ ತಿರುಗಿಸಿ, ಬಿಗಿ ಅನ್ನಿಸಿದರೆ ಗ್ರಾಫೈಟ್ ಪುಡಿ ಹಾಕಿ. ಬ್ಯಾಟರಿ ಸತ್ತ ದಿನ ಒಳಗೆ ಹೋಗಲು ಇರುವ ದಾರಿ ಅದೊಂದೇ. ಸೆನ್ಸರಿನ ನಾಲ್ಕು ಐಡಿ, ಯಾವ ಬಣ್ಣದ ವೈರ್ ಯಾವುದಕ್ಕೆ ಸೇರಿದೆ, ಫ್ಯೂಸ್ ಎಲ್ಲಿದೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕಾರಿನ ಪುಸ್ತಕದೊಳಗೆ ಮಡಿಚಿಡಿ.