ಸರ್ಕಾರಿ ಕಚೇರಿಯಲ್ಲಿ ಬದಲಾವಣೆಯನ್ನು ನಿರ್ವಹಿಸುವ ಬಗೆ

ಸಾರ್ವಜನಿಕ ಸಂಸ್ಥೆಯ ಕಾರ್ಯವಿಧಾನವನ್ನು ಬದಲಿಸಲು ಹೊರಟವರು ಮೊದಲಿಗೇ ಸುತ್ತೋಲೆ ಹೊರಡಿಸಬಾರದು; ಒಂದು ಅರ್ಜಿಯ ಬೆನ್ನು ಹತ್ತಿ, ಅದು ಸ್ವೀಕೃತಿಯಿಂದ ಅಂತಿಮ ಆದೇಶದವರೆಗೆ ಯಾರ ಯಾರ ಮೇಜಿನ ಮೇಲೆ ಎಷ್ಟು ದಿನ ಕೂರುತ್ತದೆ, ಯಾವ ಸಹಿ ನಿಯಮದ ಪ್ರಕಾರ ಬೇಕು, ಯಾವುದು ಬರೀ ರೂಢಿಯಿಂದ ಬಂದದ್ದು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ರೂಢಿಯ ಸಹಿಯನ್ನು ಸಾಮಾನ್ಯವಾಗಿ ಕಚೇರಿ ಆದೇಶದಿಂದಲೇ ಕೈಬಿಡಬಹುದು. ನಿಯಮದ ಸಹಿಗೆ ತಿದ್ದುಪಡಿಯೇ ಆಗಬೇಕು.

ಮನೋವಿಜ್ಞಾನಿ ಕರ್ಟ್ ಲೆವಿನ್ 1947ರಲ್ಲಿ ಬದಲಾವಣೆಯನ್ನು ಹಳೆಯದನ್ನು ಸಡಿಲಿಸುವುದು, ಮುಂದೆ ಸಾಗುವುದು, ಹೊಸದನ್ನು ನೆಲೆಗೊಳಿಸುವುದು ಎಂಬ ಮೂರು ಹಂತಗಳಲ್ಲಿ ವಿವರಿಸಿದರು. ನನ್ನ ಮಟ್ಟಿಗೆ, ಸರ್ಕಾರಿ ವ್ಯವಸ್ಥೆ ಎಡವುವುದು ಮೂರನೆಯದರಲ್ಲಿ: ಮುತುವರ್ಜಿ ವಹಿಸಿದ್ದ ಅಧಿಕಾರಿ ವರ್ಗವಾದೊಡನೆ ಹಳೆಯ ವಹಿ ಮತ್ತೆ ತೆರೆದುಕೊಳ್ಳುತ್ತದೆ. ಆದ್ದರಿಂದ ಹೊಸ ಪದ್ಧತಿಯನ್ನು ಕರ್ತವ್ಯಪಟ್ಟಿಯಲ್ಲೂ ತಪಾಸಣಾ ನಮೂನೆಯಲ್ಲೂ ಸೇರಿಸಿ, ಹಳೆಯ ವಹಿಯನ್ನು ಮುಚ್ಚುವ ದಿನಾಂಕವನ್ನು ಲಿಖಿತವಾಗಿ ಗೊತ್ತುಪಡಿಸಬೇಕು. ಕಂಪ್ಯೂಟರಿನಲ್ಲೂ ವಹಿಯಲ್ಲೂ ಒಂದೇ ವಿವರವನ್ನು ಎರಡೆರಡು ಸಲ ನಮೂದಿಸಬೇಕಾದ ಗುಮಾಸ್ತರು ಗೊಣಗಿದರೆ ತಪ್ಪು ಅವರದಲ್ಲ.

ಸಿಬ್ಬಂದಿಯ ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು. ಹುದ್ದೆ, ಬಡ್ತಿ, ವರ್ಗಾವಣೆಗಳ ಮೇಲಾಗುವ ಪರಿಣಾಮವನ್ನು ನೌಕರರ ಸಂಘಕ್ಕೆ ಮೊದಲೇ ತಿಳಿಸಿ, ಒಂದು ಶಾಖೆಯಲ್ಲಿ ಪ್ರಯೋಗಿಸಿ, ಅಲ್ಲಿ ಕಂಡ ದೋಷಗಳನ್ನು ತಿದ್ದಿದ ಮೇಲಷ್ಟೇ ಉಳಿದ ಶಾಖೆಗಳಿಗೆ ವಿಸ್ತರಿಸಬೇಕು.